ಬೀಗದ ಕೈ ಗೊಂಚಲಲ್ಲಿ ಒಂದು ಟೋಕನ್: ತಿಪಟೂರಿನ ಮಂಡಿಯಲ್ಲಿ ಮೂರು ವರ್ಷದ ಇ-ಸಹಿ

ನಮ್ಮ ಮಂಡಿಯಿಂದ ಉತ್ತರದ ಕಡೆಯ ಒಬ್ಬ ಖರೀದಿದಾರರಿಗೆ ಉಂಡೆ ಕೊಬ್ಬರಿ ಹೋಗಿತ್ತು. ಹಣ 7 ದಿನದಲ್ಲಿ ಬರಬೇಕಿತ್ತು. ಬರಲಿಲ್ಲ. ಎಂಟನೇ ದಿನ ಫೋನ್ ಮಾಡಿದರೆ, "ನಿಮ್ಮ ಪತ್ರದಲ್ಲೇ 17 ದಿನ ಅಂತ ಇದೆಯಲ್ಲ" ಅಂದರು. ಪತ್ರವನ್ನು ವಾಟ್ಸಾಪ್‌ನಲ್ಲಿ ವಾಪಸ್ ಕಳಿಸಿದರು. ನಮ್ಮದೇ ಲೆಟರ್‌ಹೆಡ್. ಸಾಹುಕಾರರದೇ ಸಹಿ. ಮಂಡಿಯ ಸೀಲೂ ಇದೆ. 7ರ ಹಿಂದೆ ಒಂದು 1 ಬಂದು ಕೂತಿತ್ತು. ಅಕ್ಷರದ ಗಾತ್ರದಲ್ಲಿ ಕೂಡ ವ್ಯತ್ಯಾಸ ಇರಲಿಲ್ಲ.

ಆ ಪತ್ರ ಟೈಪ್ ಮಾಡಿದವನು ನಾನೇ. ಸಹಿ ಅಂಟಿಸಿದವನೂ ನಾನೇ. ಸಾಹುಕಾರರ ಕೈಯಲ್ಲಿ ಒಂದು ಸಲ ಬಿಳಿ ಹಾಳೆ ಮೇಲೆ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿದ್ದೆ. ಪತ್ರ ಕಳಿಸುವಾಗಲೆಲ್ಲ ಅವರಿಗೆ ಹೇಳಿ ಅದನ್ನು ಅಂಟಿಸುತ್ತಿದ್ದೆ. ನಮ್ಮ ಯಾರ್ಡಿನ ಸುಮಾರು ಅಂಗಡಿಗಳಲ್ಲಿ ಇದೇ ಪದ್ಧತಿ. ಹಾಗಾಗಿ ಮೂಲ ಪ್ರತಿ ಅಂತ ಒಂದು ಕಾಗದವೇ ಇರಲಿಲ್ಲ. ನಮ್ಮ ಹತ್ತಿರ ಒಂದು ಪಿಡಿಎಫ್, ಅವರ ಹತ್ತಿರ ಒಂದು ಪಿಡಿಎಫ್. ಯಾವುದು ನಿಜ ಅಂತ ತೋರಿಸಲು ದಾರಿ ಇಲ್ಲ. ಇನ್ನೂ ಹತ್ತು ದಿನ ಕಾದು ಹಣ ತಗೊಂಡೆವು. ಸಾಹುಕಾರರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನ್ನನ್ನು ಜಾಸ್ತಿ ಕಾಡಿತು.

ಇದಾಗಿ ಮೂರು ವರ್ಷ. ನಾನು ತಿಪಟೂರಿನಲ್ಲಿ ನಾಲ್ಕು ಮಂಡಿಗಳ ಲೆಕ್ಕ, ಜಿಎಸ್‌ಟಿ, ಪತ್ರ ವ್ಯವಹಾರ ನೋಡಿಕೊಳ್ಳುತ್ತೇನೆ. ಈ ಮೂರು ವರ್ಷದಲ್ಲಿ ಯುಎಸ್‌ಬಿ ಟೋಕನ್, ಆಧಾರ್ ಓಟಿಪಿ ಇ-ಸಹಿ, ತಿಂಗಳ ಬಾಡಿಗೆ ಕಟ್ಟಿ ಬಳಸುವ ಸಹಿ ಸಾಫ್ಟ್‌ವೇರ್, ಮೂರನ್ನೂ ದಿನನಿತ್ಯ ಬಳಸಿದ್ದೇನೆ. ಸಾಫ್ಟ್‌ವೇರ್‌ನ ಹೆಸರು ಬರೆಯುತ್ತಿಲ್ಲ. ಈ ಕೆಲಸ ಮಾಡಿಕೊಡುವವರು ಹಲವರು ಇದ್ದಾರೆ, ನಾನು ಬಳಸಿದ್ದು ಎರಡೇ. ಯಾವ ಕಂಪನಿಯದು ತಗೋಬೇಕು ಅನ್ನೋದಕ್ಕಿಂತ ಏನನ್ನು ನೋಡಿ ತಗೋಬೇಕು ಅನ್ನೋದು ಮುಖ್ಯ ಅಂತ ನನಗೆ ಅನ್ನಿಸಿದೆ.

ಮೊದಲು ಟೋಕನ್ ವಿಷಯ. ನೋಡೋಕೆ ಪೆನ್‌ಡ್ರೈವ್ ಥರ ಇರುತ್ತದೆ. ಒಳಗೆ ಸಾಹುಕಾರರ ಹೆಸರಿನ ಡಿಜಿಟಲ್ ಸರ್ಟಿಫಿಕೇಟ್, ಅಂದ್ರೆ ಈ ಸಹಿ ಇಂಥವರದೇ ಅಂತ ತೋರಿಸುವ ಗುರುತಿನ ಪತ್ರ ಇರುತ್ತದೆ. ಅದನ್ನು ಕೊಡುವ ಸಂಸ್ಥೆಗೆ ಕೇಂದ್ರ ಸರ್ಕಾರದ ಸಿಸಿಎ ಎಂಬ ಕಚೇರಿಯ ಲೈಸೆನ್ಸ್ ಇರಲೇಬೇಕು. ಇಮುದ್ರಾ, ಕ್ಯಾಪ್ರಿಕಾರ್ನ್, ಸಿ-ಡ್ಯಾಕ್ ಎಲ್ಲ ಆ ಪಟ್ಟಿಯಲ್ಲಿ ಇವೆ. ಹಿಂದೆ ಕ್ಲಾಸ್ 2 ಅಂತ ಸರ್ಟಿಫಿಕೇಟ್‌ನ ಒಂದು ದರ್ಜೆ ಇತ್ತು, 2021ರ ಜನವರಿಯಿಂದ ಅದನ್ನು ಕೊಡುವುದು ನಿಲ್ಲಿಸಿದರು. ಈಗ ಇಂಥ ಕೆಲಸಕ್ಕೆ ಕ್ಲಾಸ್ 3 ತಗೋಬೇಕು. ನಾವು ಎರಡು ವರ್ಷದ ಸರ್ಟಿಫಿಕೇಟ್ ತಗೊಂಡೆವು. ಟೋಕನ್ ಸೇರಿ ಎರಡು ಸಾವಿರದ ಆಸುಪಾಸು ಆಯಿತು.

ತಗೊಳ್ಳುವಾಗ ವಿಡಿಯೊ ಕೊಡಬೇಕು. ಲಿಂಕ್ ಬರುತ್ತದೆ, ತೆರೆದರೆ ಕ್ಯಾಮೆರಾ ಆನ್ ಆಗುತ್ತದೆ. ಮುಖ ತೋರಿಸಿ ಹೆಸರು ಹೇಳಬೇಕು, ಪ್ಯಾನ್ ಕಾರ್ಡ್‌ನ ಮೂಲ ಪ್ರತಿ ಹಿಡಿಯಬೇಕು. ಸಾಹುಕಾರರು ಮಂಡಿಯಲ್ಲೇ ಗಾದಿ ಮೇಲೆ ಕೂತು ಕೊಟ್ಟರು. ಹಿಂದೆ ಹಮಾಲರು ಚೀಲ ಎತ್ತುವ ಗಲಾಟೆ, ತಕ್ಕಡಿಯ ಸದ್ದು. ಮೊದಲನೇ ವಿಡಿಯೊ ವಾಪಸ್ ಬಂತು. ಮಾತು ಕೇಳಿಸಲಿಲ್ಲವಂತೆ. ಎರಡನೆಯದೂ ವಾಪಸ್ ಬಂತು, ಪ್ಯಾನ್ ಕಾರ್ಡ್ ಮೇಲೆ ಬಲ್ಬಿನ ಬೆಳಕು ಹೊಳೆದು ನಂಬರ್ ಕಾಣಲಿಲ್ಲ. ಮೂರನೇ ಸಲ ಬೆಳಿಗ್ಗೆ ಏಳಕ್ಕೆ, ಯಾರ್ಡಿನಲ್ಲಿ ಸದ್ದು ಶುರುವಾಗುವ ಮುಂಚೆ, ಬಾಗಿಲ ಹತ್ತಿರ ನಿಂತು ಕೊಟ್ಟರು. ಆಯಿತು. ನೀವು ಮಾಡುವುದಾದರೆ ಮೊದಲೇ ಹೀಗೆ ಮಾಡಿ, ಎರಡು ದಿನ ಉಳಿಯುತ್ತದೆ.

ಟೋಕನ್‌ನ ನಿಜವಾದ ಗುಣ ಏನು ಅಂದ್ರೆ, ಸಹಿ ಹಾಕುವ ಗುಟ್ಟಿನ ಕೀ ಅದರ ಒಳಗೇ ಹುಟ್ಟುತ್ತದೆ, ಒಳಗೇ ಇರುತ್ತದೆ. ಹೊರಗೆ ಕಾಪಿ ಮಾಡೋಕೆ ಬರುವುದಿಲ್ಲ. ಟೋಕನ್ ಕೈಯಲ್ಲಿರಬೇಕು, ಪಿನ್ ತಲೆಯಲ್ಲಿರಬೇಕು. ಎರಡೂ ಸೇರಿದರೆ ಮಾತ್ರ ಸಹಿ ಬೀಳುತ್ತದೆ. ಇಷ್ಟು ಗಟ್ಟಿಯಾದ ವ್ಯವಸ್ಥೆಯನ್ನು ನಾವು ಹೇಗೆ ಬಳಸುತ್ತಿದ್ದೇವೆ ನೋಡಿ. ಲೆಕ್ಕ ಬರೆಯುವ ಎಷ್ಟೋ ಕಚೇರಿಗಳಲ್ಲಿ ಒಂದು ಡಬ್ಬಿ ಇರುತ್ತದೆ. ಅದರಲ್ಲಿ ಹತ್ತು ಹದಿನೈದು ಟೋಕನ್. ಒಂದೊಂದಕ್ಕೂ ಬಿಳಿ ಸ್ಟಿಕ್ಕರ್ ಅಂಟಿಸಿ, ಪಾರ್ಟಿಯ ಹೆಸರು, ಕೆಳಗೆ ಪಿನ್ ಬರೆದಿರುತ್ತಾರೆ. ನನ್ನ ಹತ್ತಿರವೂ ಅಂಥದ್ದೊಂದು ಬಿಸ್ಕೆಟ್ ಡಬ್ಬಿ ಇತ್ತು. ಅನುಕೂಲಕ್ಕೆ ಅಂತ ಎಲ್ಲರೂ ಒಪ್ಪಿಯೇ ಕೊಟ್ಟಿದ್ದು. ಆದ್ರೆ ಯೋಚನೆ ಮಾಡಿ: ಆ ಡಬ್ಬಿ ಯಾರ ಕೈಗಾದರೂ ಸಿಕ್ಕಿದರೆ ಹದಿನೈದು ಜನರ ಸಹಿ ಅವರದು. "ನಾನು ಹಾಕಿಲ್ಲ" ಅಂತ ಆಮೇಲೆ ಹೇಳಿದರೆ ನಂಬಿಸುವುದು ಬಹಳ ಕಷ್ಟ. ಕೈಸಹಿ ಆಗಿದ್ದರೆ ಓರೆ, ಒತ್ತು ನೋಡಿ ಹೇಳಬಹುದು. ಇಲ್ಲಿ ಯಾರು ಒತ್ತಿದರೂ ಅದೇ ಸಹಿ.

17 ದಿನದ ಪತ್ರದ ನಂತರ ನಾನು ಮಾಡಿದ ಮೊದಲ ಕೆಲಸ, ಸ್ಟಿಕ್ಕರ್ ಎಲ್ಲ ಕಿತ್ತು, ಒಬ್ಬೊಬ್ಬರ ಮನೆಗೆ ಹೋಗಿ ಟೋಕನ್ ಕೈಗೆ ಕೊಟ್ಟು, ಪಿನ್ ಅವರೇ ಬದಲಾಯಿಸುವ ಹಾಗೆ ಮಾಡಿದ್ದು. ಕೆಲವರಿಗೆ ಬೇಜಾರಾಯಿತು. "ನಿನ್ನ ಮೇಲೆ ನಮಗೆ ನಂಬಿಕೆ ಇದೆಯಪ್ಪ, ನೀನೇ ಇಟ್ಕೋ" ಅಂದರು. ನಂಬಿಕೆ ಇರುವುದಕ್ಕೇ ವಾಪಸ್ ಕೊಡ್ತಿದ್ದೀನಿ ಅಂತ ಹೇಳಿದೆ.

ಟೋಕನ್‌ನಲ್ಲಿ ಕಷ್ಟಗಳೂ ಇವೆ. ತಪ್ಪು ಪಿನ್ ಹಲವು ಸಲ ಒತ್ತಿದರೆ ಲಾಕ್ ಆಗುತ್ತದೆ. ಆಗ ಗಾಬರಿಯಲ್ಲಿ ಟೋಕನ್ ಅನ್ನು ಇನಿಷಿಯಲೈಸ್ ಮಾಡಿದರೆ ಒಳಗಿನ ಸರ್ಟಿಫಿಕೇಟ್ ಅಳಿಸಿಹೋಗುತ್ತದೆ, ಹೊಸದನ್ನೇ ತಗೋಬೇಕು. ಮೊಬೈಲ್‌ನಲ್ಲಿ ಇದರಿಂದ ಸಹಿ ಹಾಕುವುದು ಹೆಚ್ಚುಕಮ್ಮಿ ಆಗದ ಮಾತು. ಸರ್ಕಾರಿ ಪೋರ್ಟಲ್ ಜೊತೆ ಟೋಕನ್ ಮಾತಾಡಬೇಕಾದರೆ ನಡುವೆ ಒಂದು ಸಣ್ಣ ಪ್ರೋಗ್ರಾಂ ಓಡುತ್ತಿರಬೇಕು. ಕೊನೇ ದಿನಾಂಕದ ಸಂಜೆ ಅದು ನಿಂತುಹೋಗಿ ನನಗೆ ಬೆವರು ಬಂದ ದಿನಗಳಿವೆ. ಈಗ ಎರಡು ದಿನ ಮೊದಲೇ ಮುಗಿಸುತ್ತೇನೆ.

ಈ ಸಹಿ ನಿಜವಾಗಿ ಏನನ್ನು ಕಾಯುತ್ತದೆ ಅಂತ ನನಗೆ ಮನಸ್ಸಿಗೆ ಹತ್ತಿದ್ದು ನಮ್ಮಕ್ಕನ ಮಗನಿಂದ. ಅವನು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಒಂದು ಭಾನುವಾರ ಬಂದಿದ್ದಾಗ ನೋಟ್‌ಪ್ಯಾಡ್‌ನಲ್ಲಿ "ಹಣ 7 ದಿನದಲ್ಲಿ" ಅಂತ ಒಂದೇ ಸಾಲು ಬರೆದು ಸೇವ್ ಮಾಡಿದ. ವಿಂಡೋಸ್‌ನಲ್ಲೇ ಸರ್ಟ್‌ಯುಟಿಲ್ ಅಂತ ಒಂದು ಕಮಾಂಡ್ ಇದೆಯಂತೆ, ಅದನ್ನು ಕೊಟ್ಟ. ಪರದೆ ಮೇಲೆ ಅಂಕಿ, ಅಕ್ಷರ ಸೇರಿ 64ರ ಒಂದು ಉದ್ದ ಸಾಲು ಬಂತು. ಇದು ಈ ಫೈಲಿನ ಬೆರಳಚ್ಚು ಮಾವ, ಅಂದ. ಆಮೇಲೆ 7ರ ಹಿಂದೆ 1 ಹಾಕಿ ಮತ್ತೆ ಅದೇ ಕಮಾಂಡ್ ಕೊಟ್ಟ. ಬರೀ ಒಂದು ಅಂಕಿ ಸೇರಿಸಿದ್ದು. ಆದರೆ 64ರ ಸಾಲು ಪೂರ್ತಿ ಬೇರೆಯೇ ಆಗಿತ್ತು. ಎರಡು ಸಾಲನ್ನೂ ನಾನು ಒಂದು ಹಾಳೆಯಲ್ಲಿ ಬರೆದುಕೊಂಡು, ಒಂದರ ಕೆಳಗೆ ಒಂದು ಇಟ್ಟು ಬೆರಳಲ್ಲಿ ಮುಟ್ಟಿ ನೋಡಿದೆ. ಹೋಲಿಕೆಯೇ ಇಲ್ಲ.

ಡಿಜಿಟಲ್ ಸಹಿ ಅಂದ್ರೆ ಆ ಬೆರಳಚ್ಚನ್ನು ಟೋಕನ್‌ನ ಗುಟ್ಟಿನ ಕೀಯಿಂದ ಬೀಗ ಹಾಕಿ ಪತ್ರದ ಒಳಗೇ ಇಡುವುದು. ತೆರೆದು ನೋಡುವ ಕೀ ಸರ್ಟಿಫಿಕೇಟ್‌ನಲ್ಲಿ ಇರುತ್ತದೆ, ಅದು ಎಲ್ಲರಿಗೂ ಸಿಗುತ್ತದೆ. ಪತ್ರ ತೆರೆದಾಗ ಅಡೋಬಿ ರೀಡರ್ ಥರದ ಸಾಫ್ಟ್‌ವೇರ್ ಬೆರಳಚ್ಚನ್ನು ಹೊಸದಾಗಿ ಲೆಕ್ಕ ಹಾಕಿ, ಒಳಗಿರುವುದರ ಜೊತೆ ಹೋಲಿಸುತ್ತದೆ. ಸಾಹುಕಾರರ ಸಹಿ ಇದ್ದ ಒಂದು ಪಿಡಿಎಫ್‌ನ ಕಾಪಿಯಲ್ಲಿ ಹುಡುಗ ಒಂದೇ ಒಂದು ಅಕ್ಷರ ಕೆಡಿಸಿ ಕೊಟ್ಟ. ತೆರೆದ ಕೂಡಲೇ ಕೆಂಪು ಗುರುತು. ಸಹಿ ಆದ ಮೇಲೆ ಪತ್ರ ಬದಲಾಗಿದೆ ಅಂತ ಬರೆದಿತ್ತು. ಆ ಕೆಂಪು ಗುರುತು ನೋಡಿ ನನಗಾದ ಸಮಾಧಾನ ಹೇಳೋಕಾಗಲ್ಲ.

ಒಂದು ಎಚ್ಚರಿಕೆ. ಕೆಲವು ಆ್ಯಪ್‌ಗಳಲ್ಲಿ ಪಿಡಿಎಫ್ ತೆರೆದು ಮತ್ತೆ ಸೇವ್ ಮಾಡಿದರೆ ಸಹಿ ಪೂರ್ತಿ ಬಿದ್ದುಹೋಗಿ, ಹಸಿರು ಟಿಕ್‌ನ ಬರೀ ಚಿತ್ರ ಉಳಿಯಬಹುದು. ಆದ್ದರಿಂದ ಪುಟದ ಮೇಲಿನ ಟಿಕ್ ನೋಡಿ ಸುಮ್ನೆ ನಂಬಬೇಡಿ. ರೀಡರ್‌ನಲ್ಲಿ ತೆರೆದು ಪಕ್ಕದ ಸಹಿ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ. ಪ್ರಿಂಟ್ ತೆಗೆದ ಕಾಗದದಲ್ಲಿ ಈ ಬೀಗ ಇರುವುದಿಲ್ಲ. ಫೋಟೊ ತೆಗೆದು ಕಳಿಸಿದರೂ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು.

ಹಳದಿ ಪ್ರಶ್ನೆ ಗುರುತಿನ ಬಗ್ಗೆ ನನಗೆ ಬಂದಷ್ಟು ಫೋನ್ ಬೇರೆ ಯಾವುದಕ್ಕೂ ಬಂದಿಲ್ಲ. ಡೌನ್‌ಲೋಡ್ ಮಾಡಿದ ಆಧಾರ್‌ನಲ್ಲಿ ನೀವೂ ಅದನ್ನು ನೋಡಿರ್ತೀರಿ, ಅಲ್ವಾ? "ಸಹಿ ಸರಿಯಿಲ್ಲ ಅಂತ ತೋರಿಸ್ತಿದೆ, ಬೇರೆ ಕಳಿಸಿ" ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಸಹಿ ಸರಿಯಾಗಿಯೇ ಇರುತ್ತದೆ. ಆ ಸರ್ಟಿಫಿಕೇಟ್ ಕೊಟ್ಟವರ ಪರಿಚಯ ನಿಮ್ಮ ಕಂಪ್ಯೂಟರ್‌ಗೆ ಇನ್ನೂ ಆಗಿಲ್ಲ, ಅಷ್ಟೇ. ಸಹಿ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಸರ್ಟಿಫಿಕೇಟ್ ತೆರೆದು, ಮೇಲೆ ಸಿಸಿಎ ಇಂಡಿಯಾ ಎಂಬ ಹೆಸರು ಇದೆಯಾ ನೋಡಿ, ಅದನ್ನು ನಂಬುವ ಪಟ್ಟಿಗೆ ಸೇರಿಸಿದರೆ ಹಸಿರಾಗುತ್ತದೆ. ಒಂದು ಕಂಪ್ಯೂಟರ್‌ನಲ್ಲಿ ಒಂದು ಸಲ ಮಾಡಿದರೆ ಸಾಕು. ಸಿಸಿಎ ಹೆಸರು ಇಲ್ಲದಿದ್ದರೆ ಸೇರಿಸಬೇಡಿ. ಕಳಿಸಿದವರಿಗೆ ಫೋನ್ ಮಾಡಿ ಕೇಳಿ.

ಇನ್ನು ಆಧಾರ್ ಇ-ಸಹಿ. ವರ್ಷಕ್ಕೆ ಎರಡು ಮೂರು ಸಲ ಸಹಿ ಹಾಕುವವರಿಗೆ ನಾನು ಇದನ್ನೇ ಹೇಳುವುದು. ಟೋಕನ್ ಬೇಡ, ಕಂಪ್ಯೂಟರ್ ಬೇಡ. ಲಿಂಕ್ ತೆರೆದು, ಪತ್ರ ಓದಿ, ಆಧಾರ್ ನಂಬರ್ ಒತ್ತಿದರೆ ಮೊಬೈಲ್‌ಗೆ ಓಟಿಪಿ ಬರುತ್ತದೆ. ಓಟಿಪಿ ಹಾಕಿದರೆ ಆ ಒಂದು ಸಹಿಗಾಗಿಯೇ ಹೊಸ ಕೀ, ಹೊಸ ಸರ್ಟಿಫಿಕೇಟ್ ತಯಾರಾಗುತ್ತದೆ. ಸರ್ಟಿಫಿಕೇಟ್‌ಗೆ ಆಯುಸ್ಸು 30 ನಿಮಿಷ. ಸಹಿ ಬಿದ್ದ ಮೇಲೆ ಕೀಯನ್ನು ಅಳಿಸುತ್ತಾರೆ, ಮತ್ತೆ ಯಾರೂ ಬಳಸೋಕಾಗಲ್ಲ. ಹಾಕಿದ ಸಹಿ ಮಾತ್ರ ಉಳಿಯುತ್ತದೆ. ಇದು ನನಗೆ ಬಹಳ ಹಿಡಿಸಿದ ಏರ್ಪಾಡು. ಆಧಾರ್‌ನ 12 ಅಂಕಿ ಕೊಡಲು ಮನಸ್ಸಿಲ್ಲದವರು 16 ಅಂಕಿಯ ವರ್ಚುವಲ್ ಐಡಿ ಕೊಡಬಹುದು.

ಎರಡನೇ ಮಂಡಿಯ ಸಾಹುಕಾರರಿಗೆ ವಯಸ್ಸು ಎಪ್ಪತ್ತು ದಾಟಿದೆ. ಗೋಡೌನ್ ಬಾಡಿಗೆ ಕರಾರಿಗೆ ಅವರ ಸಹಿ ಬೇಕಿತ್ತು. ಇನ್ನೊಬ್ಬ ಪಾಲುದಾರರು ಬೆಂಗಳೂರಿನಲ್ಲಿ. ನಾನು ಪಕ್ಕದಲ್ಲೇ ಕೂತು ಲಿಂಕ್ ತೆರೆದುಕೊಟ್ಟೆ. ಓಟಿಪಿ ಬಂತು. ಅವರು ಫೋನನ್ನು ಎದೆಗೆ ಒತ್ತಿಕೊಂಡರು. "ಓಟಿಪಿ ಯಾರಿಗೂ ಹೇಳಬೇಡಿ ಅಂತ ಮೊಮ್ಮಗಳು ಹೇಳಿದ್ದಾಳೆ ಕಣಪ್ಪ. ನಿನಗೂ ಹೇಳಲ್ಲ" ಅಂದರು. ಆ ಹುಡುಗಿ ಸರಿಯಾಗಿಯೇ ಹೇಳಿದ್ದಾಳೆ. "ನನಗೆ ಹೇಳೋದೇ ಬೇಡ ಸಾಹುಕಾರ್ರೇ, ನೀವೇ ಇಲ್ಲಿ ಒತ್ತಿ" ಅಂತ ನಾನು ಮುಖ ಆ ಕಡೆ ತಿರುಗಿಸಿ ಕೂತೆ. ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಒತ್ತಿದರು. ಅಷ್ಟರಲ್ಲಿ ಸಮಯ ಮೀರಿತು. ಇನ್ನೊಂದು ಓಟಿಪಿ ತರಿಸಿದೆವು. ಆ ಸಲ ಬಿತ್ತು. ಪರದೆ ಮೇಲೆ ತಮ್ಮ ಹೆಸರು, ದಿನಾಂಕ, ಗಂಟೆ, ನಿಮಿಷ ಬಂದಿದ್ದನ್ನು ಜೋರಾಗಿ ಓದಿದರು.

ಸಮಸ್ಯೆ ಬರುವುದು ಮೊಬೈಲ್ ನಂಬರಿನಲ್ಲಿ. ಆಧಾರ್‌ಗೆ ಜೋಡಿಸಿದ ನಂಬರ್ ಚಾಲ್ತಿಯಲ್ಲಿ ಇರಬೇಕು. ಅದೇ ಕರಾರಿಗೆ ಪಾಲುದಾರರ ಅಕ್ಕನ ಸಹಿಯೂ ಬೇಕಿತ್ತು. ಅವರ ಹಳೇ ಸಿಮ್ ಯಾವತ್ತೋ ಬಂದ್ ಆಗಿತ್ತು. ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಾಯಿಸಿಕೊಂಡು ಬರುವಷ್ಟರಲ್ಲಿ ಎರಡು ವಾರ ಹೋಯಿತು. ಹೆಸರೂ ನೋಡಿಕೊಳ್ಳಿ. ಸಹಿಯಲ್ಲಿ ಬರುವುದು ಆಧಾರ್‌ನಲ್ಲಿ ಇರುವ ಹೆಸರು. ಕರಾರಿನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ ಇದ್ದರೆ ಆಮೇಲೆ ಯಾರಾದರೂ ತಕರಾರು ತೆಗೆಯುತ್ತಾರೆ. ಆಧಾರ್ ನೋಡಿಕೊಂಡೇ ಕರಾರು ಟೈಪ್ ಮಾಡಿಸುವುದು ಒಳ್ಳೆಯದು.

ಬಾಡಿಗೆ ಸಾಫ್ಟ್‌ವೇರ್ ಬೇಕಾಗುವುದು ಮೂರು ನಾಲ್ಕು ಜನ ಬೇರೆ ಬೇರೆ ಊರಿನಲ್ಲಿದ್ದು ಒಂದೇ ಪತ್ರಕ್ಕೆ ಸಹಿ ಹಾಕಬೇಕಾದಾಗ. ಯಾರು ಮೊದಲು, ಯಾರು ಆಮೇಲೆ ಅಂತ ಸಾಲು ಮಾಡಿ ಕಳಿಸಬಹುದು. ಯಾರದು ಬಾಕಿ ಅಂತ ಕಾಣುತ್ತದೆ, ನೆನಪಿಸುವ ಮೆಸೇಜನ್ನು ಅದೇ ಕಳಿಸುತ್ತದೆ. ಕೊನೆಗೆ ಒಂದು ಪುಟ ಬರುತ್ತದೆ: ಲಿಂಕ್ ಯಾವಾಗ ಹೋಯಿತು, ಯಾವಾಗ ತೆರೆದರು, ಎಷ್ಟು ಹೊತ್ತಿಗೆ ಸಹಿ ಹಾಕಿದರು, ಯಾವ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ನಂಬರ್). ಜಗಳ ಬಂದ ದಿನ ಆ ಪುಟ ಬಹಳ ಕೆಲಸಕ್ಕೆ ಬರುತ್ತದೆ. ಮೊದಲು ಇಂಥ ಸಹಿಗೆ ಒಬ್ಬ ಹುಡುಗ ಬಸ್ಸಿನಲ್ಲಿ ತುಮಕೂರು, ಬೆಂಗಳೂರು ಅಂತ ಫೈಲ್ ಹಿಡಿದು ಓಡಾಡಬೇಕಿತ್ತು.

ತಗೊಳ್ಳುವಾಗ ಒಂದು ಪ್ರಶ್ನೆ ಕೇಳಿ: ನಿಮ್ಮಲ್ಲಿ ಟೋಕನ್ ಸಹಿ, ಆಧಾರ್ ಸಹಿ ಎರಡೂ ಇದೆಯಾ? ಕೆಲವರು ಬೆರಳಲ್ಲಿ ಪರದೆ ಮೇಲೆ ಗೀಚಿಸಿಕೊಂಡು ಅದನ್ನೇ ಇ-ಸಹಿ ಅಂತ ಕೊಡುತ್ತಾರೆ. ನಮ್ಮ ದೇಶದ 2000ದ ಐಟಿ ಕಾಯಿದೆ ಡಿಜಿಟಲ್ ಸಹಿಗೆ ಕೈಸಹಿಯ ಸ್ಥಾನ ಕೊಟ್ಟಿರುವುದು ಕಾಯಿದೆ ಹೇಳಿದ ರೀತಿಯಲ್ಲಿ ಹಾಕಿದಾಗ. ಟೋಕನ್ ಮತ್ತು ಆಧಾರ್ ಇ-ಸಹಿ ಆ ರೀತಿಯವು. ಬರೀ ಗೀಚಿದ್ದಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳಲ್ಲ, ಆದ್ರೆ ದುಡ್ಡಿನ ವ್ಯವಹಾರಕ್ಕೆ ನಾನು ಅದನ್ನು ಬಳಸುವುದಿಲ್ಲ.

ನನ್ನ ಕೈ ಸುಟ್ಟ ಎರಡು ವಿಷಯ ಹೇಳಲೇಬೇಕು. ಒಂದು ಪೋರ್ಟಲ್‌ನಲ್ಲಿ ಫೈಲ್ 2 ಎಂಬಿ ಮೀರಬಾರದಿತ್ತು. ಮೂವರ ಸಹಿ ಆದ ಮೇಲೆ ನಾನು ಪಿಡಿಎಫ್ ಅನ್ನು ಚಿಕ್ಕದು ಮಾಡಿದೆ. ಮೂರೂ ಸಹಿ ಹೋಯಿತು. ಮತ್ತೆ ಮೂವರಿಗೂ ಫೋನ್ ಮಾಡಿ ಹಾಕಿಸಬೇಕಾಯಿತು. ಚಿಕ್ಕದು ಮಾಡುವುದು, ಪುಟ ಸೇರಿಸುವುದು, ಪಾಸ್‌ವರ್ಡ್ ಹಾಕುವುದು ಎಲ್ಲ ಸಹಿಗೆ ಮುಂಚೆಯೇ ಮುಗಿಸಿ. ಎರಡನೆಯದು, ಟೋಕನ್‌ನಿಂದ ಸಹಿ ಹಾಕುವಾಗ ಕೆಳಗೆ ಪತ್ರವನ್ನು ಲಾಕ್ ಮಾಡುವ ಒಂದು ಬಾಕ್ಸ್ ಇರುತ್ತದೆ. ಮೊದಲನೆಯವರೇ ಅದಕ್ಕೆ ಟಿಕ್ ಹಾಕಿದರೆ ಮುಂದಿನವರಿಗೆ ಸಹಿ ಹಾಕೋಕೆ ಆಗುವುದೇ ಇಲ್ಲ. ಕೊನೆಯವರು ಮಾತ್ರ ಹಾಕಬೇಕು.

ಪಾಸ್‌ವರ್ಡ್ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಹಿ ಹಾಕಿದರೆ ಪತ್ರ ಗುಟ್ಟಾಗುವುದಿಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಿದರೆ ಗೊತ್ತಾಗುತ್ತದೆ ಅಷ್ಟೇ. ಓದಬಾರದು ಅಂದ್ರೆ ಪಾಸ್‌ವರ್ಡ್ ಬೇರೆ ಹಾಕಬೇಕು. ಡೌನ್‌ಲೋಡ್ ಮಾಡಿದ ಆಧಾರ್‌ನಲ್ಲಿ ಎರಡೂ ಇದೆ ನೋಡಿ. ತೆರೆಯಲು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ, ಒಳಗೆ ಡಿಜಿಟಲ್ ಸಹಿ. ಬ್ಯಾಂಕ್ ವಿವರ ಇರುವ ಪತ್ರಗಳಿಗೆ ನಾನೂ ಹೀಗೇ ಮಾಡುತ್ತೇನೆ. ಪಾಸ್‌ವರ್ಡನ್ನು ಅದೇ ವಾಟ್ಸಾಪ್‌ನಲ್ಲಿ ಕಳಿಸದೆ ಫೋನ್ ಮಾಡಿ ಹೇಳುತ್ತೇನೆ.

ಎಲ್ಲದಕ್ಕೂ ಇ-ಸಹಿ ನಡೆಯುವುದಿಲ್ಲ ಅನ್ನುವುದೂ ಗೊತ್ತಿರಲಿ. ಒಬ್ಬ ಹಿರಿಯರು ತಮ್ಮ ವಿಲ್‌ಗೆ ಹೀಗೇ ಸಹಿ ಹಾಕಿಸಿಕೊಡು ಅಂತ ಬಂದಿದ್ದರು. ಐಟಿ ಕಾಯಿದೆಯ ಮೊದಲನೇ ಪಟ್ಟಿಯಲ್ಲಿ ವಿಲ್ ಮತ್ತು ಟ್ರಸ್ಟ್ ಪತ್ರಗಳನ್ನು ಹೊರಗಿಟ್ಟಿದ್ದಾರೆ. ಅವಕ್ಕೆ ಕಾಗದ, ಪೆನ್ನೇ ಬೇಕು, ವಿಲ್‌ಗೆ ಸಾಕ್ಷಿಗಳೂ ಬೇಕು. ಅವರನ್ನು ವಕೀಲರ ಹತ್ತಿರ ಕಳಿಸಿದೆ. ಹಾಗೇ ಸಹಿ ಡಿಜಿಟಲ್ ಆಯಿತು ಅಂತ ಛಾಪಾ ಶುಲ್ಕ ತಪ್ಪುವುದಿಲ್ಲ. ಬಾಡಿಗೆ ಕರಾರಿಗೆ ಶುಲ್ಕ ಕಟ್ಟಿಯೇ ಸಹಿಗೆ ಕಳಿಸಬೇಕು.

ಈ ಸಾಫ್ಟ್‌ವೇರ್‌ಗಳ ಮೇಲೆ ನನ್ನ ದೊಡ್ಡ ದೂರು ಭಾಷೆಯದು. ನಾನು ಬಳಸಿದ ಎರಡರಲ್ಲೂ ಒಪ್ಪಿಗೆಯ ಮಾತು ಇಂಗ್ಲಿಷಿನಲ್ಲೇ ಇತ್ತು. "ನಾನು ಓದಿ ಒಪ್ಪಿದ್ದೇನೆ" ಅಂತ ಟಿಕ್ ಹಾಕಿಸಿಕೊಳ್ಳುವ ಸಾಲು ಅದು. ಸಹಿ ಹಾಕುವವರಿಗೇ ಓದಲು ಬರದಿದ್ದರೆ ಆ ಟಿಕ್‌ಗೆ ಏನು ಅರ್ಥ? ಕನ್ನಡದಲ್ಲಿ ಹೆಸರು ಟೈಪ್ ಮಾಡಿದರೆ ಒಂದರಲ್ಲಿ ಬರೀ ಚೌಕಗಳು ಬಂದವು. ಎರಡೂ ಕಡೆಗೆ ಬರೆದಿದ್ದೇನೆ. ಒಬ್ಬರು ಚೌಕ ಸರಿಮಾಡಿದರು. ಒಪ್ಪಿಗೆಯ ಸಾಲು ಇನ್ನೂ ಹಾಗೇ ಇದೆ. ಅದು ಕನ್ನಡಕ್ಕೆ ಬರುವವರೆಗೆ ನಾನು ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಟಿಕ್ ಹಾಕಿಸುತ್ತೇನೆ.

ತಿಂಗಳಿಗೆ ನಾಲ್ಕೈದು ಪತ್ರ ಇರುವವರಿಗೆ ಬಾಡಿಗೆ ಸಾಫ್ಟ್‌ವೇರ್ ಬೇಕಿಲ್ಲ, ಒಂದು ಟೋಕನ್ ಸಾಕು. ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಇದ್ದರೆ ಟೋಕನ್ ಬೇಕೇ ಬೇಕು. ಹತ್ತಾರು ಪಾರ್ಟಿ, ಹತ್ತಾರು ಊರು ಇದ್ದರೆ ಸಾಫ್ಟ್‌ವೇರ್‌ಗೆ ಕೊಟ್ಟ ದುಡ್ಡು ಬಸ್ ಚಾರ್ಜ್, ಕೊರಿಯರ್‌ನಲ್ಲೇ ಉಳಿಯುತ್ತದೆ.

17 ದಿನದ ಪತ್ರ ಕಳಿಸಿದ ಪಾರ್ಟಿ ಈಗಲೂ ನಮ್ಮಲ್ಲಿ ಕೊಬ್ಬರಿ ತಗೊಳ್ಳುತ್ತಾರೆ. ದರಪತ್ರ ಡಿಜಿಟಲ್ ಸಹಿಯಲ್ಲೇ ಹೋಗುತ್ತದೆ. ಸಾಹುಕಾರರು ಟೋಕನ್‌ಗೆ ಒಂದು ದಾರ ಪೋಣಿಸಿ ಗಲ್ಲಾಪೆಟ್ಟಿಗೆಯ ಬೀಗದ ಕೈ ಗೊಂಚಲಿಗೆ ಕಟ್ಟಿಕೊಂಡಿದ್ದಾರೆ. ನಾನು ಪತ್ರ ಪರದೆ ಮೇಲೆ ಇಟ್ಟು ಕರೆಯುತ್ತೇನೆ. ಅವರು ಬಂದು ಕೂತು, ಗೊಂಚಲು ಬಿಚ್ಚಿ, ಮೊದಲು ದಿನ ಎಷ್ಟು ಅಂತ ಬರೆದಿರುವ ಸಾಲಿಗೆ ಬೆರಳಿಟ್ಟು ಓದಿಕೊಂಡು, ಆಮೇಲೆ ಪಿನ್ ಒತ್ತುತ್ತಾರೆ.